ಲಾಂಡ್ರಿಯ ಹಿಂದಿನ ಅಳತೆ ಬಾವಿ

ದೇಶದ ನೆಲದಡಿ ಎಷ್ಟು ನೀರಿದೆ, ವರ್ಷಕ್ಕೆ ಎಷ್ಟು ಎತ್ತಿದರೆ ಬರಿದಾಗದು ಎಂದು ಲೆಕ್ಕ ಹಾಕುವ ದೊಡ್ಡವರು ರಾಜಧಾನಿಯಲ್ಲಿ ಕೂತಿರುತ್ತಾರೆ. ಅವರಿಗೆ ಅಂಕಿ ಕಳಿಸುವವರಲ್ಲಿ ಒಬ್ಬ ನನ್ನ ಸೋದರಮಾವ. ನಮ್ಮ ಬಾಯಲ್ಲಿ ಟೇಪಿನ ಮಾವ. ವರ್ಷಕ್ಕೆ ನಾಲ್ಕು ಸಲ ನೂರಹದಿನಾರು ಬಾವಿ ಅಳೆಯುತ್ತಿದ್ದ. ಉಕ್ಕಿನ ಟೇಪಿನ ತುದಿಗೆ ಸೀಮೆಸುಣ್ಣ ಸವರಿ ಇಳಿಬಿಡಬೇಕು, ಮೇಲೆಳೆದು ಎಲ್ಲಿಯವರೆಗೆ ಒದ್ದೆಯಾಗಿದೆ ನೋಡಬೇಕು. ಇಷ್ಟೇ ಕೆಲಸ, ಆದರೆ ಕೂಸಿನ ಉಗುರು ಕತ್ತರಿಸುವವರ ಹಾಗೆ ಉಸಿರು ಬಿಗಿಹಿಡಿದು ಮಾಡುತ್ತಿದ್ದ. ತನ್ನ ಮದುವೆಗೇ ತಡವಾಗಿ ಬಂದ ಈ ಮಹಾನುಭಾವ ಬಾವಿಗೆ ಮಾತ್ರ ಒಂದು ದಿನವೂ ತಡಮಾಡಿದವನಲ್ಲ.

ಅದರಲ್ಲೊಂದು ಬಾವಿ ಅಮ್ಮನ ಲಾಂಡ್ರಿಯ ಹಿಂದೆಯೇ ಇತ್ತು. ನೆಲದಿಂದ ಮೊಣಕಾಲೆತ್ತರ ಎದ್ದ ಕಬ್ಬಿಣದ ಕೊಳವೆ, ಅದಕ್ಕೊಂದು ಮುಚ್ಚಳ, ಬೀಗ. ಮಾವ ಮರೆವಿನ ಆಸಾಮಿಯಾದ್ದರಿಂದ ಬೀಗದ ಕೈ ಅವನ ಅಕ್ಕನ, ಅಂದರೆ ನಮ್ಮಮ್ಮನ ಹತ್ತಿರವೇ ಇರುತ್ತಿತ್ತು.

ಆ ವರ್ಷ ಅಮ್ಮನಿಗೆ ಮೂರನೆಯ ಯಂತ್ರ ತರುವ ಆಸೆ. ಅದಕ್ಕೆ ಹೊಸ ಬೋರು ಬೇಕು, ಬೋರಿಗೆ ಅನುಮತಿ ಬೇಕು. ಅಳತೆ ಬಾವಿಯ ನೀರು ಎಂಬತ್ತು ಅಡಿಗಿಂತ ಕೆಳಗಿಳಿದಿದ್ದರೆ ನಮ್ಮ ಬೀದಿಯಲ್ಲಿ ಯಾರಿಗೂ ಅನುಮತಿಯಿಲ್ಲ. ಮಾವ ಬರುವ ದಿನ ಬೆಳಿಗ್ಗೆ ಅಮ್ಮ ಬೀಗ ತೆಗೆದು, ನಮ್ಮ ತೊಟ್ಟಿಯ ನೀರನ್ನು ಎರಡು ತಾಸು ಕೊಳವೆಗೆ ಬಿಟ್ಟಳು. ಪೈಪು ಹಿಡಿದಿದ್ದವಳು ನಾನೇ. ನೆಲದಿಂದ ಎತ್ತಿದ ನೀರನ್ನೇ ನೆಲಕ್ಕೆ ಸುರಿದು ಸರಕಾರದ ಕಣ್ಣಿಗೆ ಮಣ್ಣೆರಚುವ ಘನಕಾರ್ಯ.

ಮಾವ ಅಳೆದ. ಅರವತ್ತೊಂದು ಅಡಿ. ಏನೂ ಬರೆಯದೆ ಟೀ ಕೇಳಿದ. ಕುಡಿದು ಮತ್ತೆ ಅಳೆದ, ಅರವತ್ತಾರು. ಪೇಪರು ಓದಿ ಮುಗಿಸಿ ಅಳೆದ, ಎಪ್ಪತ್ತು. ನಾವಿಬ್ಬರೂ ತಲೆಯೆತ್ತದೆ ಹಾಸಿಗೆ ಹೊದಿಕೆ ಮಡಿಸುತ್ತಿದ್ದೆವು. ಅವನು ಬೀಗ ಹಾಕಿ ಕೀಲಿಯನ್ನು ಅಮ್ಮನ ಕೈಯಲ್ಲಿಟ್ಟ.

"ಅಕ್ಕ, ಇವತ್ತು ಯಾಕೋ ಇದಕ್ಕೆ ಮೈ ಸರಿ ಇಲ್ಲ. ನಾಲ್ಕು ದಿನ ಬಿಟ್ಟು ಬರ್ತೀನಿ. ಕೀಲಿ ನಿನ್ನ ಹತ್ರಾನೇ ಇರ್ಲಿ."

ಬೈದಿದ್ದರೆ ಅಮ್ಮ ತಿರುಗಿ ಎರಡು ಬೈದು ಹಗುರಾಗುತ್ತಿದ್ದಳು. ನಾಲ್ಕು ದಿನ ಹಿತ್ತಲ ಕಡೆ ತಲೆ ಹಾಕಲಿಲ್ಲ.

ಮಾವ ಮತ್ತೆ ಬಂದಾಗ ಎಂಬತ್ತನಾಲ್ಕು ಅಡಿ. ಬರೆದುಕೊಂಡ.

"ಊರಿಗೆಲ್ಲ ನೀರು ಅಳೀತೀಯ, ಒಡಹುಟ್ಟಿದವಳ ಹೊಟ್ಟೆ ಅಳೆಯೋಕೆ ಬರಲ್ವಾ ನಿನಗೆ?" ಎಂದಳು ಅಮ್ಮ.

"ನಿನಗೆ ಕೊಟ್ರೆ ಎದುರಿನ ಐಸ್ ಕಾರ್ಖಾನೆಗೂ ಕೊಡಬೇಕು ಅಕ್ಕ. ಅವನು ನಿನಗಿಂತ ಆಳಕ್ಕೆ ಹೋಗ್ತಾನೆ. ಆಮೇಲೆ ನಿನ್ನ ಹೊಸ ಬೋರೂ ಇಲ್ಲ, ಹಳೇದೂ ಇಲ್ಲ."

ಅಮ್ಮ ಇಸ್ತ್ರಿ ಪೆಟ್ಟಿಗೆ ಎತ್ತಿಟ್ಟಳು. "ಹಳೇದು ಎಷ್ಟು ದಿನ ಬರತ್ತೆ, ಅದನ್ನಾದ್ರೂ ಹೇಳು."

ಅಳೆಯದೆ ಬಾಯಿ ಬಿಡದ ಮನುಷ್ಯ ಲಾಂಡ್ರಿ ಚೀಟಿಯ ಹಿಂದೆ ಲೆಕ್ಕ ಹಾಕತೊಡಗಿದ. ತುಂಬ ಹೊತ್ತು ಹಾಕಿದ.

"ಹೀಗೇ ಎತ್ತಿದ್ರೆ ಆರು ವರ್ಷ. ಬೀದಿಯವರೆಲ್ಲ ಸ್ವಲ್ಪ ಕೈ ಬಿಗಿ ಹಿಡಿದ್ರೆ..." ನನ್ನ ಕಡೆ ನೋಡಿದ. "ಇವಳ ಕಾಲಕ್ಕೂ ಬರತ್ತೆ."

ಅಮ್ಮ ಒಂದು ತಿಂಗಳು ತಮ್ಮನ ಹತ್ತಿರ ಮುಖ ಊದಿಸಿಕೊಂಡೇ ಇದ್ದಳು. ಅದೇ ತಿಂಗಳಲ್ಲಿ ಮೂರನೆಯ ಯಂತ್ರಕ್ಕೆಂದು ಬಿಟ್ಟ ಜಾಗದಲ್ಲಿ ಗಾರೆಯವನಿಂದ ಇನ್ನೊಂದು ತೊಟ್ಟಿ ಕಟ್ಟಿಸಿದಳು. ಒಂದು ಸರದಿಯ ಬಟ್ಟೆ ಜಾಲಿಸಿದ ಕೊನೆಯ ನೀರು ಅದರಲ್ಲಿ ನಿಂತು ಮುಂದಿನ ಸರದಿಯ ಮೊದಲ ನೀರಾಗುತ್ತಿತ್ತು. ಆಮೇಲೆ ಬೀದಿ ದಾಟಿ ಹೋಗಿ, ಐಸ್ ಕಾರ್ಖಾನೆಯವನ ತಲೆ ತಿಂದು ಅವನ ಎರಡನೆಯ ಪಂಪು ನಿಲ್ಲಿಸಿದಳು. ತಮ್ಮನ ಮಾತಿಗೆ ಒಪ್ಪಿದೆ ಎಂದು ಮಾತ್ರ ಇವತ್ತಿಗೂ ಹೇಳಿಲ್ಲ. ಅಂಥ ಅಮ್ಮನಿಗೆ ಇಂಥ ತಮ್ಮ ಸಿಕ್ಕಿದ್ದು ನನ್ನ ಪುಣ್ಯ.

ಲಾಂಡ್ರಿ ಈಗ ನನ್ನದು. ಮಾವ ಆರು ವರ್ಷ ಎಂದು ಬರೆದುಕೊಟ್ಟು ಹತ್ತೊಂಬತ್ತು ವರ್ಷವಾಯಿತು. ದಿನಾ ಬೆಳಿಗ್ಗೆ ಪಂಪು ಹಾಕಿ ಒಂದು ಗಳಿಗೆ ಕಿವಿಗೊಟ್ಟು ನಿಲ್ಲುತ್ತೇನೆ. ನೀರು ಬರುತ್ತದೆ.