ನಮ್ಮ ಬಾಗಿಲಿಗೆ ಬಂದ ಹಲಗಿ

ಹೋಳಿ ಹುಣ್ಣಿಮೆ ಹತ್ತಿರ ಬಂತೆಂದರೆ ನಮ್ಮ ಓಣಿಯ ಹುಡುಗರು ಹಲಗಿ ಕಾಸಲು ಶುರುಮಾಡುತ್ತಾರೆ. ರದ್ದಿ ಕಾಗದಕ್ಕೆ ಬೆಂಕಿ ಹಚ್ಚಿ, ಆ ಝಳಕ್ಕೆ ಚರ್ಮ ಹಿಡಿದು, ಬೆರಳಿನಿಂದ ತಟ್ಟಿ ನೋಡುತ್ತಾರೆ. ಹುಬ್ಬಳ್ಳಿಗೆ ಸೊಸೆಯಾಗಿ ಬಂದ ಮೇಲೆ ನನಗೆ ಬಹಳ ಹಿಡಿಸಿದ ಸದ್ದು ಅದು. ಆ ವರ್ಷ ಮಾತ್ರ ಆ ಸದ್ದು ಕೇಳಿದಾಗಲೆಲ್ಲ ಕೈಯಲ್ಲಿದ್ದ ಕೆಲಸ ಬಿಟ್ಟು ಕಿಟಕಿಗೆ ಓಡುತ್ತಿದ್ದೆ. ಮನೆಯ ತೆರಿಗೆ, ನಮ್ಮ ಕಡೆ ಅನ್ನುವ ಹಾಗೆ ಮನಿಪಟ್ಟಿ, ತುಂಬದವರ ಬಾಗಿಲ ಮುಂದೆ ಪಾಲಿಕೆಯ ವಸೂಲಿಯವರು ಹಲಗಿ ಬಾರಿಸಲು ತೊಡಗಿದ್ದರು.

ನಮ್ಮದು ಮಾವ ತೀರಿಕೊಂಡಾಗಿನಿಂದಲೂ ಬಾಕಿ. ಮನೆಯವರು ಅಮರಗೋಳದ ಮಾರುಕಟ್ಟೆಯಲ್ಲಿ ಕಾಳಿನ ದಲಾಲಿ ಅಂಗಡಿಯೊಂದರ ಗುಮಾಸ್ತರು. ವ್ಯಾಪಾರ ಕುಸಿದ ಮೇಲೆ ಪಗಾರ ಅರ್ಧಕ್ಕಿಳಿಯಿತು. ಮೊದಲು ಮಗಳ ಸಾಲಿಯ ಫೀ, ಆಮೇಲೆ ಅತ್ತೆಯ ಕಣ್ಣಿನ ಔಷಧ, ಆಮೇಲೆ ಗ್ಯಾಸು. ಪಟ್ಟಿ ಮುಂದಿನ ವರ್ಷಕ್ಕೆ. ಮುಂದಿನ ವರ್ಷ ಬರುವಾಗ ಬಡ್ಡಿಯ ಕೈ ಹಿಡಿದುಕೊಂಡೇ ಬರುತ್ತಿತ್ತು.

ಮನೆ ಅತ್ತೆಯ ಹೆಸರಿನಲ್ಲಿದೆ. ಎರಡೂ ಕಣ್ಣಿಗೆ ಪೊರೆ ಬಂದಿದ್ದ ಅವರಿಗೆ ಈ ಬಾಕಿಯ ಸುದ್ದಿಯೇ ಗೊತ್ತಿರಲಿಲ್ಲ. ಯುಗಾದಿ ಹತ್ತಿರ ಬಂದರೆ ಮಗನನ್ನು ಕೇಳುವರು, “ಪಟ್ಟಿ ತುಂಬಿದೇನಪಾ?”

“ತುಂಬೇನಿ ತಗೋ ಯವ್ವಾ.”

“ನಿಮ್ಮಪ್ಪ ಉಪಾಸ ಬಿದ್ದ, ಸರಕಾರದ್ದು ಒಂದ್ ಪೈಸೆ ಇಟ್ಕೊಳ್ಳಲಿಲ್ಲ. ಬಾಕಿದಾರರ ಮನಿಯಾಕಿ ಅನ್ನಿಸ್ಕೊಂಡು ನಾ ಸಾಯಬಾರ್ದು ನೋಡು.”

ಆ ಮಾತು ಬಂದಾಗ ನಾವಿಬ್ಬರೂ ಒಬ್ಬರ ಮುಖ ಒಬ್ಬರು ನೋಡುತ್ತಿರಲಿಲ್ಲ. ಹಲಗಿ ನಮ್ಮ ಬಾಗಿಲಿಗೆ ಬರುವ ಮೊದಲು ಏನಾದರೂ ಮಾಡಬೇಕಿತ್ತು.

ಒಂದು ದಿನ ನಾನೇ ಕಚೇರಿಗೆ ಹೋದೆ. ಅರ್ಜಿಯನ್ನು ಇಂಗ್ಲಿಷಿನಲ್ಲಿ, ಕಾನ್ವೆಂಟಿನ ಸಿಸ್ಟರುಗಳು ತಿದ್ದಿಸಿದ ಓರೆ ಅಕ್ಷರದಲ್ಲಿ ಬರೆದಿದ್ದೆ. ತಡವಾಗಿ ಬಂದ ದಿನ ತರಗತಿಯ ಬಾಗಿಲಲ್ಲಿ ನಿಂತು ಮಾತಾಡುತ್ತಿದ್ದ ದನಿಯೇ ಅಲ್ಲೂ ಹೊರಟಿತು. ಕಿಟಕಿಯಾಚೆಯವರು ಎರಡು ಸಲ “ಏನಂದ್ರಿ?” ಎಂದರು. ಆಮೇಲೆ ಕಾಗದ ನೋಡಿದರು.

“ಅಕ್ಷರ ಭಾಳ ಛಂದ ಅದಾವ್ರಿ ಅಕ್ಕಾರ, ಮುತ್ತು ಪೋಣಿಸಿದಂಗ. ಆದ್ರ ಇದನ್ನ ತಗೊಂಡು ನಾ ಏನ್ ಮಾಡ್ಲಿ?”

“ಕಂತಿನ ಮ್ಯಾಲೆ ತುಂಬತೇವ್ರಿ ಸರ್.”

“ಒಂದು ಭಾಗ ಈಗ ತುಂಬ್ರಿ. ಬರೇ ಅರ್ಜಿ ಕೊಟ್ರ ಹಲಗಿ ನಿಲ್ಲಸಾಕ ಬರೂದಿಲ್ರಿ.”

“ನಮ್ಮ ಓಣಿಗೆ ಯಾವಾಗ ಬರ್ತಾರ್ರಿ?”

ಅವರು ನಕ್ಕರು. “ಅದನ್ನ ಹೇಳಂಗಿಲ್ರಿ. ಹೇಳಿದ್ರ ಮಂದಿ ಕೀಲಿ ಹಾಕ್ಕೊಂಡು ಊರಿಗೆ ಹೋಗ್ತಾರ.”

ಹಿಂದಿನ ಓಣಿಯಲ್ಲಿ ಬಾರಿಸಿದರು ಎಂದು ಹೂವಿನವಳು ಹೇಳಿದಳು. ಮರುದಿನ ಹಿಟ್ಟಿನ ಗಿರಣಿಯ ಹತ್ತಿರ ಬಾರಿಸಿದರಂತೆ. ನಾನು ಟಿವಿಯ ದನಿ ಏರಿಸಿದೆ.

“ಯಾಕವಾ ಇಷ್ಟು ಜೋರು?” ಎಂದರು ಅತ್ತೆ. “ನನಗ ಹೋಗಿದ್ದು ಕಣ್ಣು, ಕಿವಿ ಅಲ್ಲ.”

ಅಂಗಡಿಯ ಮಾಲಕರು ಮುಂಗಡ ಕೊಡಲು ಒಪ್ಪಿದ ದಿನ ಮನೆಯವರು ಬೆಳಗ್ಗೆಯೇ ಹೊರಟರು. ರೊಕ್ಕ ಇಸಿದುಕೊಂಡು ನೇರ ಕಚೇರಿಗೆ ಹೋಗಿ ತುಂಬಿ ಬರುವುದೆಂದು ಮಾತಾಗಿತ್ತು. ಅವತ್ತೇ ನಮ್ಮ ಓಣಿಗೆ ನಳ ಬಂತು. ಎಷ್ಟೋ ದಿನಕ್ಕೊಮ್ಮೆ ಬರುವ ನೀರು. ಓಣಿಯ ಹೆಂಗಸರೆಲ್ಲ ಕೊಡಗಳೊಂದಿಗೆ ಹೊರಗೆ. ನಾನು ಹಿತ್ತಲಲ್ಲಿ ಟಾಕಿ ತುಂಬಿಸುತ್ತಿದ್ದೆ. ಮೋಟಾರಿನ ಸದ್ದಿನಲ್ಲಿ ಬೇರೇನೂ ಕೇಳಿಸಲಿಲ್ಲ. ಮೋಟಾರು ನಿಲ್ಲಿಸಿದಾಗ ಹಲಗಿ ನಮ್ಮ ಬಾಗಿಲಲ್ಲಿತ್ತು.

ಓಡಿ ಬಂದೆ. ಇಬ್ಬರು ಹಲಗಿಯವರು, ಪಕ್ಕದಲ್ಲಿ ಕಾಗದದ ಕಟ್ಟು ಹಿಡಿದ ವಸೂಲಿಯವರು. ಅವಮಾನ ಮಾಡಲು ಬೇರೆ ಪೆಟ್ಟು ಎಲ್ಲಿಂದ ತರಬೇಕು? ಅವರು ಬಾರಿಸುತ್ತಿದ್ದುದು ಹೋಳಿಯ ಪೆಟ್ಟನ್ನೇ. ಹೊಸ್ತಿಲಲ್ಲಿ ಅತ್ತೆ ನಿಂತಿದ್ದರು, ತಲೆಯ ಮೇಲೆ ಸೆರಗು, ಕೈಯಲ್ಲಿ ಮೊರ. ಮೊರದ ತುಂಬ ಜೋಳ, ಮೇಲೊಂದು ಕೊಬ್ಬರಿ ಬಟ್ಟಲು. ಹೋಳಿ ಹಬ್ಬಕ್ಕೆ ಬಾಗಿಲಿಗೆ ಬಂದ ಹಲಗಿಯನ್ನು ಈ ಮನೆಯವರು ಎಂದೂ ಬರಿಗೈಯಲ್ಲಿ ಕಳಿಸಿದವರಲ್ಲ.

ಹಲಗಿ ನಿಂತಿತು.

“ಯಾಕ ನಿಲ್ಲಿಸಿದ್ರೋ? ಬಾರಸ್ರಿ!” ಎಂದರು ಅತ್ತೆ. “ನಮ್ಮ ಯಜಮಾನ್ರು ಇದ್ದಾಗ ಅರ್ಧ ತಾಸು ಬಾರಸ್ತಿದ್ರು ಇಲ್ಲೆ.”

ವಸೂಲಿಯವರು ನನ್ನ ಹತ್ತಿರ ಸರಿದು ದನಿ ತಗ್ಗಿಸಿದರು. “ಮನಿ ಇವ್ರ ಹೆಸರಿಗೇ ಐತೇನ್ರಿ?”

ತಲೆಯಾಡಿಸಿದೆ. “ಮನಿಯವ್ರು ರೊಕ್ಕ ತುಂಬಾಕ ಹೋಗ್ಯಾರ್ರಿ ಸರ್, ಇವತ್ತ.”

“ಪಾವತಿ ಚೀಟಿ ತೋರಿಸಿದ ಮ್ಯಾಲೆ ಕಿತ್ತು ಹಾಕ್ರಿ,” ಎಂದು ಅವರು ಬಾಗಿಲ ಚೌಕಟ್ಟಿಗೆ ಖಳಿ ಬಳಿದು ನೋಟೀಸು ಅಂಟಿಸಿದರು. ಹಿರಿಯ ಹಲಗಿಯವರು ಮಾತ್ರ ಹಲಗಿ ಕೆಳಗಿಟ್ಟು, ಟವೆಲ್ ಒಡ್ಡಿ ಜೋಳ ಹಾಕಿಸಿಕೊಂಡು, ಕೊಬ್ಬರಿಯನ್ನು ಕಣ್ಣಿಗೊತ್ತಿಕೊಂಡರು. ಆಮೇಲೆ ಅಪ್ಪಣೆಯಾದಂತೆ ಇಬ್ಬರೂ ಮತ್ತೆ ಬಾರಿಸಿದರು. ಅತ್ತೆ ತಲೆದೂಗಿದರು. ಓಣಿಯಲ್ಲಿ ಯಾರೂ ಕೊಡ ಸರಿಸಲಿಲ್ಲ. ಅಷ್ಟು ದಿನ ದಾರಿ ಕಾದ ನೀರು, ತುಂಬಿದ ಕೊಡಗಳ ಮೇಲಿಂದ ಉಕ್ಕಿ, ಗಟಾರಕ್ಕೆ ಹರಿದು ಹೋಗುತ್ತಿತ್ತು.

ಅವರೆಲ್ಲ ಮುಂದಿನ ಮನೆಗೆ ಹೊರಟ ಮೇಲೆ ಎದುರು ಮನೆಯಾಕೆ ಕೂಗಿ ಹೇಳಿದರು, “ಏನ್ರಿ ಆಯಿ, ನಿಮ್ಮನಿಗೆ ಈ ಸಲ ಹೋಳಿ ಲಗೂನ ಬಂತಲ್ಲ!”

“ಹೂನವಾ, ನಮ್ಮನ್ನ ಮರ್ತಿಲ್ಲ ನೋಡು ಹುಡುಗೂರು.”

ಯಾರೋ ನಕ್ಕರು. ನಕ್ಕದ್ದು ಅರ್ಧಕ್ಕೇ ನಿಂತಿತು. ಅತ್ತೆ ಆ ಕಡೆ ಮುಖ ತಿರುಗಿಸಿದರು. ಒಳಗೆ ಬರಲು ಚೌಕಟ್ಟು ಹಿಡಿದಾಗ ಅಂಗೈ ನೋಟೀಸಿನ ಮೇಲೆ ಬಿತ್ತು. ಕಾಗದದ ನಾಲ್ಕೂ ಅಂಚನ್ನು ಬೆರಳಿನಿಂದ ಸವರಿದರು. ಬೆರಳು ಮೂಸಿದರು.

“ಹಸಿ ಐತಲ್ಲ. ಏನಿದು?”

ನಾನು ಅವರ ಕೈಯಲ್ಲಿದ್ದ ಮೊರಕ್ಕೆ ಕೈಚಾಚಿದೆ. ಅವರು ಮತ್ತೆ ಕೇಳಲಿಲ್ಲ. ಖಾಲಿ ಮೊರ ಗೋಡೆಗೆ ಒರಗಿಸಿ ಒಳಗೆ ಹೋದರು.

ಮಧ್ಯಾಹ್ನ ಮನೆಯವರು ಒಂದು ಭಾಗ ತುಂಬಿದ ಪಾವತಿ ತಂದರು. ಕಾಗದ ಕಿತ್ತರೂ ಖಳಿಯ ಕಲೆ ಚೌಕಟ್ಟಿನ ಮೇಲೆ ಉಳಿಯಿತು. ಆ ದಿನ ಅತ್ತೆ ಮಗನ ಜೊತೆ ಮಾತಾಡಲಿಲ್ಲ. ಊಟಕ್ಕೆ ಕರೆದರೆ ಎದ್ದು ಬಂದು, ಉಂಡು, ಹೋದರು.

ಹುಣ್ಣಿಮೆಯ ದಿನ ಓಣಿಯ ಹುಡುಗರು ಕೇಕೆ ಹಾಕುತ್ತ ಬಂದರು.

“ಬಾಗಲಾ ಹಾಕು,” ಎಂದರು ಅತ್ತೆ.

“ಹೋಳಿ ಹುಡುಗೂರ್ರಿ ಅತ್ತಿ. ನಮ್ಮ ಓಣ್ಯಾಗಿನವ್ರ.”

“ಗೊತ್ತೈತಿ. ಹಾಕು.”

ಅಗಳಿ ಹಾಕಿದೆ. ಮುಚ್ಚಿದ ಬಾಗಿಲಾಚೆ ಹುಡುಗರು ಬಹಳ ಹೊತ್ತು ಬಾರಿಸಿದರು, “ಆಯೀ, ಆಯೀ” ಎಂದು ಕರೆದರು, ಆಮೇಲೆ ಎದುರು ಮನೆಗೆ ಹೋದರು. ಅತ್ತೆ ಬಾಗಿಲ ಕಡೆಗೇ ಮುಖ ಮಾಡಿ ಕೂತಿದ್ದರು.

“ಇನ್ನ ಎಷ್ಟು ಉಳದೈತಿ?” ಎಂದು ಕೇಳಿದರು.

ಹೇಳಿದೆ. ನಮ್ಮ ಮನೆಯಲ್ಲಿ ಅವರಿಗೆ ಬಾಕಿಯ ವಿಷಯ ಬಾಯಿಬಿಟ್ಟು ಹೇಳಿದ್ದು ಅದೇ ಮೊದಲು.

ಹಲಗಿಯ ಸದ್ದು ಓಣಿಯ ತುದಿಗೆ ಹೋಗಿತ್ತು.

“ಹಂಗಾರ ಪಟ್ಟಿಯವ್ರು ಮತ್ತ ಬರ್ತಾರ,” ಎಂದರು ಅತ್ತೆ.