ಆಯಿಯ ಕಂಬಳಿ

ಗೋಕಾಕದಲ್ಲಿ ನಾನು ನಾಯಿಗಳ ಸಲೂನು ತೆರೆದಾಗ ಬಾಜೂ ಅಂಗಡಿಯ ಕಾಕಾ, ‘ಏನವಾ, ನಾಯಿಗೆ ಬರೇ ಕಟಿಂಗೋ, ದಾಡಿನೂ ಮಾಡತಿಯೋ?’ ಎಂದು ಕೇಳಿದ್ದರು. ನಾನೂ ನಕ್ಕಿದ್ದೆ. ಮಳೆಗಾಲ ಬಂದಾಗ ಆ ನಗು ಇಳಿಯಿತು. ಈ ಕೆಲಸದಲ್ಲಿ ಕಟಿಂಗಿಗಿಂತ ಚಿಗಟದ ಕಾಟವೇ ದೊಡ್ಡದು. ಚಿಗಟ ಹತ್ತಿದ ಒಂದು ನಾಯಿ ಒಳಗೆ ಬಂದರೆ ಮಿಕ್ಕ ನಾಯಿಗಳಿಗೂ ಹತ್ತಿತೆಂದೇ ತಿಳಿಯಬೇಕು.

ಹಾಗಾಗಿ ನಾನು ಬಾಗಿಲಲ್ಲೇ ತಡೆಯುತ್ತೇನೆ. ಹೊಸ್ತಿಲ ಹೊರಗೆ ಒದ್ದೆ ಬಿಳಿ ಬಟ್ಟೆ ಹಾಸಿ, ನಾಯಿಯನ್ನು ಅದರ ಮೇಲೆ ನಿಲ್ಲಿಸಿ, ಸಣ್ಣ ಹಲ್ಲಿನ ಬಾಚಣಿಕೆ ಎಳೆಯುತ್ತೇನೆ. ಉದುರಿದ ಕರಿ ಪುಡಿ ಒದ್ದೆ ಬಟ್ಟೆಯ ಮೇಲೆ ಕೆಂಪಗೆ ಹರಡಿದರೆ ಅದು ಮಣ್ಣಲ್ಲ, ಚಿಗಟದ ಹಿಕ್ಕೆ. ಅದರಲ್ಲಿರುವುದು ನಾಯಿಯದೇ ರಕ್ತ. ‘ನಮ್ಮ ನಾಯಿಗೆ ಹಂಗೇನಿಲ್ರಿ’ ಎಂದು ಮುಖ ಊದಿಸಿಕೊಳ್ಳುವವರಿಗೆ ಆ ಬಟ್ಟೆಯನ್ನೇ ಎತ್ತಿ ತೋರಿಸುತ್ತೇನೆ. ನನ್ನ ಬಾಯಿ ಸ್ವಲ್ಪ ಜೋರು. ಸಿಟ್ಟಾಗಿ ಹೋದ ಗಿರಾಕಿಗಳೂ ಇದ್ದಾರೆ, ಹೋಗಲಿ.

ಹೋದ ಶ್ರಾವಣದಲ್ಲಿ ಕೌಜಲಗಿಯಿಂದ ವಯಸ್ಸಾದ ಒಬ್ಬ ಆಯಿ ಮಗನ ಗಾಡಿಯಲ್ಲಿ ತಮ್ಮ ನಾಯಿಯನ್ನು ತಂದರು. ಕಂದು ಬಣ್ಣದ ಹೊಲದ ನಾಯಿ, ಮೂತಿಯೆಲ್ಲ ನರೆತಿತ್ತು. ಬಾಚಿದೊಡನೆ ಬಟ್ಟೆ ಕೆಂಪಾಯಿತು. ಹೊರಗೇ ಸ್ನಾನ ಮಾಡಿಸಿ, ದನದ ದವಾಖಾನೆಯ ಡಾಕ್ಟರು ಬರೆದುಕೊಟ್ಟಿದ್ದ ಔಷಧಿಯನ್ನು ಹೆಗಲುಗಳ ನಡುವೆ ಹಾಕಿ ಕಳಿಸಿದೆ. ಮುಂದಿನ ವಾರ ಮತ್ತೆ ಬಂದರು. ಬಟ್ಟೆ ಮತ್ತೆ ಕೆಂಪು. ಈ ಸಲ ಮಗನೂ ಗಾಡಿಯಿಂದ ಇಳಿದು ಬಂದ.

‘ಅಕ್ಕಾರ, ನಮ್ಮ ಕೂಸಿನ ಕಾಲ ತುಂಬ ಗುಳ್ಳಿ ಎದ್ದಾವ್ರಿ. ಇದೊಂದ ಸಲ ನೋಡತೇನಿ. ಮತ್ತ ಚಿಗಟ ಬಂದ್ರ ನಾಯಿನ್ನ ಧುಪದಾಳದ ಆಚಿ ಬಿಟ್ಟ ಬರತೇನಿ.’

ಆಯಿ ನಾಯಿಯ ಕಿವಿ ಹಿಡಿದುಕೊಂಡು ನಿಂತರು. ನನಗೆ ಮಗನ ಮೇಲೆ ರೇಗಿಹೋಯಿತು. ಆದರೆ ಅವನು ಮೊಬೈಲಿನಲ್ಲಿ ಕೂಸಿನ ಕಾಲು ತೋರಿಸಿದ ಮೇಲೆ ಬೈಯುವುದನ್ನು ಬಿಟ್ಟು ಆಯಿಯ ಕಡೆ ತಿರುಗಿದೆ.

‘ಆಯಿ, ಇದು ಎಲ್ಲಿ ಮಕ್ಕೋತೈತ್ರಿ?’ ಎಂದು ಕೇಳಿದೆ.

‘ನನ್ನ ಕಾಲ ಕಡೆ, ಕಂಬಳಿ ಮ್ಯಾಲ. ಹಗಲಿಗೆ ಅದರ ಮ್ಯಾಲ ಕೂಸಿನ್ನ ಆಡಸ್ತೇವಿ.’

‘ಕಂಬಳಿ ಯಾವಾಗ ಒಗದೀರಿ?’

ಆಯಿ ನನ್ನನ್ನು ಮೇಲಿಂದ ಕೆಳಗೆ ನೋಡಿದರು. ‘ಕಂಬಳಿ ಯಾರರ ಒಗೀತಾರೇನ ತಂಗಿ? ಕಂಬಳಿಗೆ ಮೈಲಿಗಿ ಇಲ್ಲ.’

ನಮ್ಮ ಮನೆಯಲ್ಲೂ ಕೇಳಿ ಬೆಳೆದ ಮಾತು ಅದು. ಸತ್ತವರ ಮಣ್ಣಿಗೆ ಹೋಗಿ ಬಂದವರು ಉಟ್ಟದ್ದನ್ನೆಲ್ಲ ನೀರಿಗೆ ಹಾಕಿದರೂ ಕಂಬಳಿಯನ್ನು ಮಾತ್ರ ಕೊಡವಿ ಗಳಕ್ಕೆ ಹಾಕುತ್ತಿದ್ದರು. ಬಾಣಂತಿಗೂ ಅದೇ, ಪೂಜೆಗೆ ಕೂರುವವರಿಗೂ ಅದೇ. ಯಾರು ಕೂತರೂ ಕೆಡದ ಹಾಸಿಗೆ ಎಂದು ನನಗೂ ಅದರ ಮೇಲೆ ಪ್ರೀತಿ. ಆದರೆ ಮೈಲಿಗೆ ಇಲ್ಲದ್ದರಲ್ಲಿ ಚಿಗಟವೂ ಇರುವುದಿಲ್ಲ ಎಂದು ನಾವು ಯಾವಾಗ ನಂಬಿಬಿಟ್ಟೆವೋ. ನಾಯಿಯ ಮೈಮೇಲೆ ಕಾಣುವುದು ಸ್ವಲ್ಪ. ಮೊಟ್ಟೆ ಮರಿಗಳೆಲ್ಲ ಅದು ಮಲಗುವ ಜಾಗದಲ್ಲಿ. ನಾನು ತೊಳೆದು ಕಳಿಸುತ್ತಿದ್ದೆ, ಕಂಬಳಿ ಮತ್ತೆ ಚಿಗಟ ಹತ್ತಿಸಿ ಕಳಿಸುತ್ತಿತ್ತು.

‘ಬಿಸಿಲಿಗೆ ಹಾಕತೇನಿ ಬಿಡು’ ಎಂದರು ಆಯಿ.

‘ಈ ಜಿಟಿಜಿಟಿ ಮಳ್ಯಾಗ ಬಿಸಲ ಎಲ್ಲೈತ್ರಿ? ಕುದಿಯೋ ನೀರಾಗ ಹಾಕಬೇಕ್ರಿ. ಆದ್ರ ಮೊದಲಽ ಹೇಳತೇನಿ, ಕಂಬಳಿ ಕುಗ್ಗತೈತಿ. ಮತ್ತ ಮೊದಲಿನಂಗ ಆಗೂದಿಲ್ಲ.’

‘ಸುಟ್ಟ ಹಾಕು, ಹೊಸಾದು ತರತೇನಿ’ ಎಂದ ಮಗ.

‘ನನ್ನ ಮದುವ್ಯಾಗ ನಮ್ಮವ್ವ ನೇಯಿಸಿ ಕೊಟ್ಟದ್ದೋ ಅದು.’ ಅಷ್ಟು ಹೇಳಿ ಆಯಿ ಗಾಡಿ ಹತ್ತಿದರು. ನಾಯಿ ಅವರ ಹಿಂದೆಯೇ ಹತ್ತಿತು. ಕಂಬಳಿ ಉಳಿಸಿಕೊಂಡರೆ ನಾಯಿ ಹೋಗುತ್ತದೆ, ನಾಯಿ ಉಳಿಸಿಕೊಂಡರೆ ಕಂಬಳಿ. ಆಯ್ಕೆ ಅವರದು, ನನ್ನ ಜೋರು ಬಾಯಿಗೆ ಅಲ್ಲಿ ಕೆಲಸವಿರಲಿಲ್ಲ.

ಮುಂದಿನ ವಾರ ಅವರು ಬರಲಿಲ್ಲ. ಅದರ ಮುಂದಿನ ವಾರವೂ ಇಲ್ಲ. ಹೊರಗೆ ಗಾಡಿ ನಿಂತ ಸದ್ದಾದರೆ ಕೈಯಲ್ಲಿದ್ದ ಕತ್ತರಿ ಬಿಟ್ಟು ಇಣುಕುತ್ತಿದ್ದೆ. ನಾಯಿಯನ್ನು ಬಿಟ್ಟೇ ಬಂದರೇನೋ ಎಂದು ಮನಸ್ಸು ಕೆಡುತ್ತಿತ್ತು. ಗಣಪತಿ ಕಳುಹಿಸಿದ ಮೇಲೆ ಒಂದು ದಿನ ಆಯಿ ಬಂದರು. ಹಿಂದೆ ಆ ನರೆತ ಮೂತಿಯೂ ಇಳಿಯಿತು.

ಬಟ್ಟೆ ಹಾಸಿ ಕುತ್ತಿಗೆ, ಹೊಟ್ಟೆ, ಬಾಲದ ಬುಡವೆಲ್ಲ ಬಾಚಿದೆ. ಬಟ್ಟೆ ಬೆಳ್ಳಗೇ ಉಳಿಯಿತು.

‘ಒಂದೂ ಇಲ್ರಿ ಆಯಿ!’ ನಾನು ಕೂಗಿದ್ದಕ್ಕೆ ಬಾಜೂ ಕಾಕಾ ಹೊರಗೆ ಬಂದು ನೋಡಿದರು.

‘ಕೂಸಿನ ಕಾಲೂ ಮಾದಾವು’ ಎಂದರು ಆಯಿ.

‘ಕಂಬಳಿ?’

‘ಹಂಡೇದಾಗ ಹಾಕಿದೆ. ಸೊಸಿ ಒಂದ ಕಡೆ, ನಾ ಒಂದ ಕಡೆ ಹಿಡದ ಹಿಂಡಿದ್ವಿ. ಅರ್ಧಾ ಆತ ನೋಡು. ಈಗ ಹೊಚಗೊಂಡ್ರ ಕಾಲ ಹೊರಗ ಉಳೀತಾವು.’

ನನಗೆ ಕೆಡುಕೆನಿಸಿತು. ‘ಕಾಲಿಗೆ ಥಂಡಿ ಹತ್ತೂದಿಲ್ಲೇನ್ರಿ?’ ಎಂದೆ.

ಆಯಿ ತುಂತುರು ಮಳೆಗೆ ಒದ್ದೆಯಾಗಿದ್ದ ನಾಯಿಯ ತಲೆಯನ್ನು ಸೆರಗಿನಿಂದ ಒರೆಸಿದರು.

‘ಕಾಲಿನ ಮ್ಯಾಲ ಇದು ಮಕ್ಕೋತೈತಲ್ಲ, ತಂಗಿ.’