ಒಂದು ನೂಲು ಔಟು

ಬೂದಿಗೆರೆಯ ಗಾರೆ ಮೇಸ್ತ್ರಿ ಪಿಳ್ಳಪ್ಪ ಮದುವೆಗೆ ಹೋದರೆ ಹೆಣ್ಣು ಗಂಡಿಗಿಂತ ಮೊದಲು ಛತ್ರದ ಗೋಡೆ ನೋಡುತ್ತಾನೆ. ನೇರ ಪರೀಕ್ಷಿಸುವ ತೂಗುಗುಂಡನ್ನು ಜೇಬಿನಿಂದ ತೆಗೆದು ದಾರದಲ್ಲಿ ಇಳಿಬಿಟ್ಟು, ಒಂದು ಕಣ್ಣು ಮುಚ್ಚಿ, ‘ಒಂದು ನೂಲು ಔಟು’ ಎಂದು ಎಳೆಯಷ್ಟು ಓರೆ ಹಿಡಿದ ಮೇಲೆಯೇ ಊಟಕ್ಕೆ ಕೂರುವುದು. ಆದರೆ ಅವನು ಕಟ್ಟಿದ ಗೋಡೆಗೆ ಬೇರೆಯವರು ಗುಂಡು ಬಿಟ್ಟರೆ ಮೂರು ದಿನ ಮಾತು ಬಿಡುತ್ತಾನೆ. ಯಾತ್ರೆಯ ಬಸ್ಸು ಹತ್ತಿ, ದಾರಿಯ ಕೋಟೆ ಅರಮನೆಗಳನ್ನೆಲ್ಲ ಔಟು ಎನ್ನುತ್ತಲೇ ಜೈಪುರದ ಜಂತರ್ ಮಂತರ್‌ಗೆ ಕಾಲಿಟ್ಟ. ಆಕಾಶಕ್ಕೆ ಏರಿದ ಮೆಟ್ಟಿಲಿನ ಓರೆಗೋಡೆ ಕಂಡು, ‘ಮೆಟ್ಲೈತೆ, ಮೇಲೆ ಮನೇನೇ ಇಲ್ವಲ್ಲ’ ಎಂದು ನಕ್ಕ. ಸುಮಾರು ಮುನ್ನೂರು ವರ್ಷದ ಹಿಂದೆ ರಾಜ ಹೊತ್ತು ಅಳೆಯಲು ಕಟ್ಟಿಸಿದ್ದೆಂದು ಹೇಳಿ ಗೈಡು ಅದರ ನೆರಳು ತೋರಿಸಿದ. ಕಲ್ಲಿನಲ್ಲಿ ಕೊರೆದ ಗೆರೆಯಿಂದ ಗೆರೆಗೆ ನೆರಳು ಕಣ್ಣೆದುರೇ ನಡೆಯುತ್ತಿತ್ತು. ಗೈಡು ಗಡಿಯಾರ ನೋಡಿ ಮೊದಲೇ ಹೇಳಿದ್ದ ಕ್ಷಣಕ್ಕೆ ಸರಿಯಾಗಿ ಅದು ಮುಂದಿನ ಗೆರೆ ಮುಟ್ಟಿತು. ಜೇಬಿಗೆ ಹೋಗಿದ್ದ ಪಿಳ್ಳಪ್ಪನ ಕೈ ಬರಿದಾಗಿಯೇ ಹೊರಬಂತು. ಚಪ್ಪಲಿ ಬಿಟ್ಟು ನಿಂತ. ಬಸ್ಸು ಹಾರನ್ ಹೊಡೆದರೂ ಕದಲಲಿಲ್ಲ. ಕರೆಯಲು ಬಂದ ಹೆಂಡತಿ ಮುನಿವೆಂಕಟಮ್ಮನಿಗೆ ಮೆಲ್ಲಗೆ ಹೇಳಿದ: ‘ಇದನ್ ಕಟ್ಟಿದ ಮೇಸ್ತ್ರಿ ಗೋಡೆಗೆ ದಿನಾ ಸೂರ್ಯನೇ ಬಂದು ಗುಂಡು ಬಿಡ್ತಾವ್ನೆ ಕಣೇ. ಇನ್ನೂ ಒಂದು ನೂಲೂ ಔಟಿಲ್ಲ.’